ಪ್ರೈಮರಿಯಲ್ಲಿ ಒಂದು ಮಾತು, ನವೆಂಬರ್‌ನಲ್ಲಿ ಇನ್ನೊಂದು: ಮಧ್ಯಾಂಕ ಮತದಾರನ ಲೆಕ್ಕ

ಚುನಾವಣೆ ನಡೆಯುತ್ತಿರುವಾಗಲೇ ನಾಯಕರು ನಿಲುವು ಬದಲಿಸುವುದೇಕೆ? ರಾಜ್ಯಶಾಸ್ತ್ರದಲ್ಲಿ ಇದಕ್ಕೆ ಮೊದಲು ಸಿಗುವ ಉತ್ತರ ಮಧ್ಯಾಂಕ ಮತದಾರ ಸಿದ್ಧಾಂತ. 1948ರಲ್ಲಿ ಡಂಕನ್ ಬ್ಲ್ಯಾಕ್ ಹೇಳಿದ್ದು, 1957ರಲ್ಲಿ ಆಂಥೊನಿ ಡೌನ್ಸ್ ಪಕ್ಷಗಳಿಗೆ ಅನ್ವಯಿಸಿದ್ದು. ಮತದಾರರನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವನೇ ಮಧ್ಯಾಂಕ ಮತದಾರ; ಅವನಿಗೆ ಹತ್ತಿರ ಇರುವ ಅಭ್ಯರ್ಥಿಯೇ ಗೆಲ್ಲುತ್ತಾನೆ, ಅದಕ್ಕೇ ನಾಯಕರು ಅತ್ತ ಸರಿಯುತ್ತಾರೆ ಅನ್ನುತ್ತದೆ ಈ ಸಿದ್ಧಾಂತ. ಷರತ್ತುಗಳು ಇವು: ಎಡದಿಂದ ಬಲಕ್ಕೆ ಒಂದೇ ಗೆರೆ, ಇಬ್ಬರು ಅಭ್ಯರ್ಥಿಗಳು, ತನಗೆ ಹತ್ತಿರ ಇರುವವರಿಗೆ ವೋಟು.

ಎಲ್ಲರೂ ಎಡವುವುದು ಮಧ್ಯಾಂಕ ಮತ್ತು ಸರಾಸರಿಯ ನಡುವೆ. ನಿಧಾನವಾಗಿ ನೋಡೋಣ. ಒಂಬತ್ತು ಮತದಾರರು 1ರಿಂದ 9ರವರೆಗೆ ನಿಂತಿದ್ದಾರೆ. ಸರಾಸರಿ 5, ಮಧ್ಯಾಂಕವೂ 5. ಈಗ 9ರಲ್ಲಿದ್ದವನು ತುಂಬಾ ಉಗ್ರನಾಗಿ 27ಕ್ಕೆ ಹೋದ ಅಂದುಕೊಳ್ಳಿ. ಮೊತ್ತ 63, ಸರಾಸರಿ 7. ಮಧ್ಯಾಂಕ ಮಾತ್ರ 5ರಲ್ಲೇ ಇದೆ! ಒಬ್ಬ ಅಭ್ಯರ್ಥಿ 7ರಲ್ಲಿ, ಇನ್ನೊಬ್ಬ 5ರಲ್ಲಿ ನಿಂತರೆ? 1ರಿಂದ 5ರವರೆಗಿನ ಐದು ವೋಟು 5ರವನಿಗೆ. 7ರವನಿಗೆ ಖಚಿತವಾಗಿ ಮೂರೇ. 6ರವನಿಗೆ ಇಬ್ಬರೂ ಅಷ್ಟೇ ದೂರ, ಅವನು ಯಾರಿಗೆ ಹಾಕಿದರೂ ಫಲಿತಾಂಶ ಬದಲಾಗಲ್ಲ. 27ರವನು ಎಷ್ಟೇ ಕೂಗಾಡಲಿ, ಅವನದೂ ಒಂದೇ ವೋಟು ಅಲ್ವಾ?

ಈಗ ಅಮೆರಿಕಕ್ಕೆ ಬನ್ನಿ. ಅಲ್ಲಿ ಮೊದಲು ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಹೆಚ್ಚಾಗಿ ಆ ಪಕ್ಷದ ಬೆಂಬಲಿಗರೇ ವೋಟು ಹಾಕಿ ಆರಿಸುವುದು; ಆಮೇಲೆ ನವೆಂಬರ್‌ನಲ್ಲಿ ಎಲ್ಲರಿಗೂ ಸಾರ್ವತ್ರಿಕ ಚುನಾವಣೆ. ಪ್ರೈಮರಿಯಲ್ಲಿ ಬಲಗಡೆಯ ಐವರು (5, 6, 7, 8, 27) ಮಾತ್ರ ವೋಟು ಹಾಕಿದರೆ ಮಧ್ಯಾಂಕ 7. ನವೆಂಬರ್‌ನಲ್ಲಿ ಮತ್ತೆ 5. ಜನ ಬದಲಾಗಿಲ್ಲ, ಎಣಿಸುವ ಗುಂಪು ಬದಲಾಗಿದೆ.

2012ರಲ್ಲಿ ಬಲಪಂಥೀಯ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ಮಿಟ್ ರಾಮ್ನಿ ಇದಕ್ಕೆ ಒಳ್ಳೆಯ ಉದಾಹರಣೆ. 1994ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಸೆನೆಟ್‌ಗೆ ನಿಂತಾಗ ಗರ್ಭಪಾತದ ಹಕ್ಕಿನ ಪರ. 2012ರ ಪ್ರೈಮರಿಯಲ್ಲಿ ವಿರುದ್ಧ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಆ ಬಗ್ಗೆ ಯಾವ ಕಾನೂನೂ ತಮ್ಮ ಅಜೆಂಡಾದಲ್ಲಿಲ್ಲ ಎಂದರು. ಮಾರ್ಚ್‌ನಲ್ಲೇ ಅವರ ಸಲಹೆಗಾರ ಟಿವಿಯಲ್ಲಿ ಗುಟ್ಟು ಬಿಟ್ಟುಕೊಟ್ಟಿದ್ದರು: ಪ್ರೈಮರಿ ಮುಗಿದ ಮೇಲೆ ಎಚ್-ಎ-ಸ್ಕೆಚ್ ಆಟಿಕೆಯಂತೆ ಅಲುಗಾಡಿಸಿ ಹೊಸದಾಗಿ ಶುರು ಮಾಡಬಹುದು ಅಂತ. ಎದುರಾಳಿಗಳು ಆ ಆಟಿಕೆಯನ್ನೇ ಕೈಯಲ್ಲಿ ಹಿಡಿದು ಪ್ರಚಾರಕ್ಕೆ ಹೊರಟರು. ಸಿದ್ಧಾಂತವನ್ನು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರೂ ವಿವರಿಸಲಾರರು.

ಹಾಗಾದರೆ ಎಲ್ಲರೂ ಸುಮ್ನೆ ನಡುವಿಗೆ ಓಡುವುದಿಲ್ಲ ಯಾಕೆ? ಹಳೇ ಮಾತು ದಾಖಲೆಯಲ್ಲಿರುತ್ತದೆ. 2004ರಲ್ಲಿ ಅಧ್ಯಕ್ಷ ಬುಷ್ ವಿರುದ್ಧ ನಿಂತಿದ್ದ ಡೆಮಾಕ್ರಟಿಕ್ ಪಕ್ಷದ ಜಾನ್ ಕೆರಿ, ಇರಾಕ್ ಮತ್ತು ಅಫ್ಘಾನಿಸ್ತಾನದ 8,700 ಕೋಟಿ ಡಾಲರ್ ವೆಚ್ಚದ ವಿರುದ್ಧ ಮತ ಹಾಕುವ ಮೊದಲು ಪರವಾಗಿಯೂ ಹಾಕಿದ್ದೆ ಎಂದರು. ಬುಷ್ ತಂಡ ಅದನ್ನೇ ಜಾಹೀರಾತು ಮಾಡಿತು.

ಪರೀಕ್ಷೆಯಲ್ಲಿ ಇದನ್ನು ಕರ್ನಾಟಕಕ್ಕೆ ಅನ್ವಯಿಸಲು ಹೇಳಿದರೆ ಹುಷಾರು. ನಮ್ಮಲ್ಲಿ ಪ್ರೈಮರಿ ಇಲ್ಲ, ಟಿಕೆಟ್ ಕೊಡುವುದು ಪಕ್ಷ. ಜೊತೆಗೆ ಎಷ್ಟೋ ಕಡೆ ತ್ರಿಕೋನ ಸ್ಪರ್ಧೆ. ಅದೇ ಗೆರೆಯಲ್ಲಿ ಮೂವರು 4, 5, 6ರಲ್ಲಿ ನಿಂತರೆ ಅಕ್ಕಪಕ್ಕದವರಿಗೆ ನಾಲ್ಕು ನಾಲ್ಕು ವೋಟು, ನಟ್ಟನಡುವೆ ನಿಂತವನಿಗೆ ಒಂದೇ.