ಆಕ್ಸೆಸ್ ಕಡತವನ್ನು ಹಲವರು ಬಳಸುವಾಗ: ಕ್ಲೌಡ್ ಕೋಷ್ಟಕಗಳ ಟಿಪ್ಪಣಿ

ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಲೇ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಮೈಕ್ರೋಸಾಫ್ಟ್ ಆಕ್ಸೆಸ್ ತಂತ್ರಾಂಶ ಕಲಿತವನು ನಾನು. ರೈತರ ಹೆಸರು, ಲಾಟ್, ತೂಕ, ದರ ಎಲ್ಲವೂ ಒಂದೇ ಕಡತದಲ್ಲಿದ್ದವು. ಮೈಸೂರಿನಲ್ಲಿ ಇನ್ನೊಂದು ಅಂಗಡಿ ತೆರೆದಾಗ ಆ ಕಡತವನ್ನು ಸಿಂಕ್ ಆಗುವ, ಅಂದರೆ ಇಂಟರ್ನೆಟ್ ಮೂಲಕ ಎರಡೂ ಕಡೆಯ ಪ್ರತಿಗಳನ್ನು ಹೊಂದಿಸುವ, ಫೋಲ್ಡರಿನಲ್ಲಿ ಇಟ್ಟೆವು. ಮೂರನೆಯ ದಿನಕ್ಕೆ ಅಲ್ಲಿ ಎರಡು ಕಡತಗಳಿದ್ದವು: ಒಂದರಲ್ಲಿ ಮಂಡ್ಯದ ನಮೂದು, ಇನ್ನೊಂದರಲ್ಲಿ ಮೈಸೂರಿನದು. ಎರಡನ್ನೂ ತಾಳೆ ನೋಡಿ ಸೇರಿಸಲು ರಾತ್ರಿಯಿಡೀ ಕೂರಬೇಕಾಯಿತು. ನೀವು ಹಾಗೆ ಕೂರದಿರಲೆಂದೇ ಇದನ್ನು ಬರೆಯುತ್ತಿದ್ದೇನೆ.

ಸಿಂಕ್ ಸೇವೆಗೆ ಕಡತವೆಂದರೆ ಕಟ್ಟಿದ ಮೂಟೆ. ಒಳಗಿನ ಸಾಲುಗಳು ಅದಕ್ಕೆ ಕಾಣುವುದಿಲ್ಲ. ಒಂದೇ ಕಚೇರಿಯ ನೆಟ್‌ವರ್ಕಿನಲ್ಲಿ ಯಾರು ಯಾವ ಸಾಲನ್ನು ಹಿಡಿದಿದ್ದಾರೆಂಬುದನ್ನು ಆಕ್ಸೆಸ್ ಪಕ್ಕದ ಲಾಕ್ ಕಡತದ ನೆರವಿನಿಂದ ತಿಳಿಯುತ್ತದೆ. ಬೇರೆ ಬೇರೆ ಪ್ರತಿಗಳ ನಡುವೆ ಆ ಕಾವಲು ನಡೆಯದು. ದೂರದಿಂದಲೇ ಕಚೇರಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಮೂಲಕ ತೆರೆಯುವುದೂ ಬೇಡ: ಬರೆಯುವ ಹೊತ್ತಿನಲ್ಲಿ ಸಂಪರ್ಕ ಕಡಿದರೆ ಕಡತವೇ ಕೆಡಬಹುದು.

ಆದ್ದರಿಂದ ಮೊದಲು ಕಡತವನ್ನು ಸೀಳಬೇಕು. ಫಾರ್ಮ್ (ನಮೂದಿಸುವ ಪರದೆ), ವರದಿ, ಕ್ವೆರಿಗಳು (ಬೇಕಾದ ಸಾಲುಗಳನ್ನು ಆರಿಸುವ ಪ್ರಶ್ನೆಗಳು) ಒಂದು ಕಡತದಲ್ಲಿ ಉಳಿಯಲಿ. ಅದರ ಪ್ರತ್ಯೇಕ ಪ್ರತಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ ಇರಲಿ. ಕೋಷ್ಟಕಗಳು ಮಾತ್ರ ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಸಿಗುವ ಸರ್ವರಿಗೆ, ಹೋಗಲಿ.

ಕ್ಲೌಡಿನಲ್ಲಿ ಎಲ್ಲಿಗೆ? ಮೈಕ್ರೋಸಾಫ್ಟ್‌ನ ಆನ್‌ಲೈನ್ ಹಂಚಿಕೆ ಸೇವೆಯಾದ ಶೇರ್‌ಪಾಯಿಂಟ್‌ನ ಪಟ್ಟಿಗಳಾಗಬಹುದು, ಆದರೆ 5,000 ಸಾಲು ದಾಟಿದ ಮೇಲೆ ನೋಟದ ಮಿತಿ (ಒಮ್ಮೆಗೆ ಎಷ್ಟು ಸಾಲು ತೆಗೆಯಬಹುದೆಂಬ ಮಿತಿ) ಕಾಡುತ್ತದೆ. ಮಂಡಿಯ ಲಾಟುಗಳಿಗೆ ಅದು ಸಾಲದು. ನಾವು ಮೈಕ್ರೋಸಾಫ್ಟ್‌ನ ಕ್ಲೌಡ್ ಡೇಟಾಬೇಸ್ ಸರ್ವರ್ ಆದ ಅಜೂರ್ ಎಸ್‌ಕ್ಯೂಎಲ್ ಆರಿಸಿದೆವು. ಕೋಷ್ಟಕಗಳನ್ನು ಸಾಗಿಸಲು ಮೈಕ್ರೋಸಾಫ್ಟ್‌ನದೇ ಉಚಿತ ವಲಸೆ ಸಾಧನವಿದೆ. ಎರಡೂ ಅಂಗಡಿಗಳ ಐಪಿ ವಿಳಾಸಕ್ಕೆ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟು, ಎಲ್ಲ ಕಂಪ್ಯೂಟರುಗಳಲ್ಲಿ ಆಕ್ಸೆಸ್ಸನ್ನು ಸರ್ವರಿಗೆ ಜೋಡಿಸುವ ಓಡಿಬಿಸಿ ಡ್ರೈವರ್ ಹಾಕಿ, ಕೋಷ್ಟಕಗಳನ್ನು ಲಿಂಕ್ ಮಾಡಿದರೆ ಹಳೆಯ ಫಾರ್ಮ್‌ಗಳು ಬಹುಪಾಲು ಹಾಗೆಯೇ ನಡೆಯುತ್ತವೆ.

ಎಡವುವುದು ಆಮೇಲೆ. ಲಿಂಕ್ ಮಾಡಿದ ಕೋಷ್ಟಕಕ್ಕೆ ಪ್ರಾಥಮಿಕ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಅಂಕಣ) ಇಲ್ಲದಿದ್ದರೆ ಅದನ್ನು ಓದಬಹುದು, ತಿದ್ದಲಾಗದು. ಆಕ್ಸೆಸ್‌ನಲ್ಲಿ ಹೊಸ ಸಾಲಿಗೆ ಒಂದಕ್ಷರ ಒತ್ತಿದೊಡನೆ ಆಟೋನಂಬರ್ (ತಾನಾಗಿ ಬರುವ ಸಂಖ್ಯೆ) ಬರುತ್ತಿತ್ತು. ಸರ್ವರಿನಲ್ಲಿ ಸಾಲು ಉಳಿಸಿದ ಮೇಲಷ್ಟೇ ಬರುತ್ತದೆ. ನಮ್ಮ ಚೀಟಿ ಮುದ್ರಿಸುವ ಗುಂಡಿ ಉಳಿಸುವ ಮೊದಲೇ ಲಾಟ್ ಸಂಖ್ಯೆ ಕೇಳುತ್ತಿದ್ದರಿಂದ ಆ ಜಾಗ ಖಾಲಿಯಾಗಿಯೇ ಮುದ್ರಣವಾಯಿತು. ಮೊದಲು ಉಳಿಸಿ, ನಂತರ ಮುದ್ರಿಸುವಂತೆ ಕೋಡನ್ನು ತಿದ್ದಿದೆವು.

ಹೆಚ್ಚು ದಿನ ಕಾಡಿದ್ದು ‘ರೈಟ್ ಕಾನ್‌ಫ್ಲಿಕ್ಟ್’ ಕಿಟಕಿ, ಅಂದರೆ ಈ ಸಾಲನ್ನು ಬೇರೊಬ್ಬರು ಬದಲಿಸಿದ್ದಾರೆ ಎಂಬ ಎಚ್ಚರಿಕೆ. ಒಂದೇ ಲಾಟಿನ ದರವನ್ನು ಮಂಡ್ಯದವರೂ ಮೈಸೂರಿನವರೂ ಏಕಕಾಲಕ್ಕೆ ತಿದ್ದಿದರೆ ಅದು ಬರಲೇಬೇಕು, ಅದು ಕಾವಲುಗಾರನ ಕೆಲಸ. ಆದರೆ ನಾನೊಬ್ಬನೇ ಕುಳಿತಿದ್ದಾಗಲೂ ಅದು ಬಂತು! ಹುಡುಕಿದಾಗ ‘ಹಣ ಪಾವತಿಯಾಗಿದೆ’ ಎಂಬ ಹೌದು/ಇಲ್ಲ ಅಂಕಣದಲ್ಲಿ ಕೆಲವು ಸಾಲುಗಳು ನಲ್, ಅಂದರೆ ಏನೂ ತುಂಬದವು, ಆಗಿದ್ದವು. ಆಕ್ಸೆಸ್ ಅದನ್ನು ಇಲ್ಲ ಎಂದು ಓದುತ್ತದೆ, ಸರ್ವರ್ ನಲ್ ಎಂದೇ ಇಟ್ಟಿರುತ್ತದೆ. ಹೋಲಿಸಿದಾಗ ಸಾಲು ಬದಲಾಗಿದೆ ಎನಿಸುತ್ತದೆ. ನಲ್‌ಗಳನ್ನು ಸೊನ್ನೆ ಮಾಡಿ, ಡಿಫಾಲ್ಟ್ ಮೌಲ್ಯವನ್ನೂ ಸೊನ್ನೆ ಇಟ್ಟು, ಕೋಷ್ಟಕಕ್ಕೆ ರೋವರ್ಷನ್ ಅಂಕಣ (ಸಾಲು ಬದಲಾದಾಗಲೆಲ್ಲ ತಾನಾಗಿ ಬದಲಾಗುವ ಗುರುತು) ಸೇರಿಸಿದ ಮೇಲೆ ತೊಂದರೆ ನಿಂತಿತು.

ನಿಧಾನದ ದೂರಿಗೆ ಇಂಟರ್ನೆಟ್ಟನ್ನೇ ಬೈಯಬೇಡಿ. ನಮ್ಮ ಫಾರ್ಮ್ ತೆರೆದೊಡನೆ ವರ್ಷದ ಎಲ್ಲ ಲಾಟುಗಳನ್ನೂ ಎಳೆಯುತ್ತಿತ್ತು. ಕ್ವೆರಿಯ ಷರತ್ತಿನಲ್ಲಿ ಆಕ್ಸೆಸ್‌ನ ಒಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎಯಲ್ಲಿ ನಾವೇ ಬರೆದ ಫಂಕ್ಷನ್ ಇತ್ತು. ಅದು ಸರ್ವರಿಗೆ ಅರ್ಥವಾಗದ್ದರಿಂದ ಸಾಲುಗಳೆಲ್ಲ ನಮ್ಮ ಕಂಪ್ಯೂಟರಿಗೆ ಬಂದೇ ಸೋಸಲ್ಪಡುತ್ತಿದ್ದವು. ಈಗ ಫಾರ್ಮ್ ಖಾಲಿಯಾಗಿ ತೆರೆಯುತ್ತದೆ. ಲಾಟ್ ಸಂಖ್ಯೆ ಕೊಟ್ಟರೆ ಆ ಒಂದು ಸಾಲು ಮಾತ್ರ ಬರುತ್ತದೆ.