ಚರ್ಚ್‌ಗೇಟ್‌ನ ಚರ್ಚು ಮತ್ತು 39 ನಿಮಿಷದ ಜಗಳ

ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿದವರಿಗೆ ಎದುರಿಗೆ ಚರ್ಚೂ ಕಾಣುವುದಿಲ್ಲ, ಗೇಟೂ ಕಾಣುವುದಿಲ್ಲ. ಮುಂಬಯಿಯ ಕೋಟೆಯನ್ನು 1860ರ ದಶಕದಲ್ಲಿ ಕೆಡವಿದಾಗ ಬಾಗಿಲು ಹೋಯಿತು, ಹೆಸರು ಉಳಿಯಿತು. ಆ ಹೆಸರಿಗೆ ಕಾರಣವಾದ ಸೇಂಟ್ ಥಾಮಸ್ ಚರ್ಚು ಹಾರ್ನಿಮನ್ ಸರ್ಕಲ್ ಪಕ್ಕದಲ್ಲಿದೆ. 1676ರ ಹೊತ್ತಿಗೆ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ ಶುರುವಾದ ಕಟ್ಟಡ ಅರ್ಧಕ್ಕೇ ನಿಂತು, ಪ್ರಾರ್ಥನೆಗೆ ತೆರೆದುಕೊಂಡದ್ದು 1718ರ ಕ್ರಿಸ್ಮಸ್ ದಿನ. 1837ರಲ್ಲಿ ಅದು ಕ್ಯಾಥೆಡ್ರಲ್ ಆಯಿತು. ಮರುವರ್ಷ ಪಶ್ಚಿಮದ ತುದಿಯಲ್ಲಿ ಎತ್ತರದ ಗಡಿಯಾರ ಗೋಪುರ ಎದ್ದಿತು.

ಕುಂದಾಪುರದ ಕಡೆಯಿಂದ ಬಂದ ನನ್ನ ಅಪ್ಪ ಹಳೆಯ ಕೋಟೆಯಿದ್ದ ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ ಹಗಲಿಡೀ ದೋಸೆಕಲ್ಲಿನ ಮುಂದೆ ನಿಂತು, ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದರು. ಕೈಗಡಿಯಾರ ಇರಲಿಲ್ಲ. ತಲೆಯೆತ್ತಿ ನೋಡಿದರೆ ಕಂಡಷ್ಟೇ ಅವರ ಸಮಯ.

ಇಂಥ ಹಳೆಯ ಗಡಿಯಾರಗಳ ಒಳಗು ಸರಳ. ಹಗ್ಗಕ್ಕೆ ಕಟ್ಟಿದ ಭಾರದ ಗುಂಡು ಮೆಲ್ಲಗೆ ಇಳಿಯುತ್ತದೆ, ಲೋಲಕ ಅದನ್ನು ತಡೆತಡೆದು ಬಿಡುತ್ತದೆ. ಗುಂಡು ತಳ ಮುಟ್ಟುವ ಮೊದಲು ಯಾರಾದರೂ ಮೆಟ್ಟಿಲು ಹತ್ತಿ ಕೀಲಿ ಕೊಡಬೇಕು. ನಾಲ್ಕು ಮುಖಗಳಿದ್ದರೂ ಯಂತ್ರ ಒಂದೇ. ಅದರಿಂದ ಹೊರಟ ಸರಳುಗಳು ಎಲ್ಲ ಮುಳ್ಳುಗಳನ್ನೂ ತಿರುಗಿಸುತ್ತವೆ. ಒಂದು ಸರಳು ಸಡಿಲವಾದರೆ ಸಾಕು, ಪೂರ್ವದ ಬೀದಿಗೆ ಒಂದು ಗಂಟೆ, ಪಶ್ಚಿಮದ ಬೀದಿಗೆ ಇನ್ನೊಂದು.

ಆದರೆ ಯಂತ್ರ ಸರಿಯಿದ್ದಾಗಲೂ ಈ ಊರು ಸಮಯಕ್ಕಾಗಿ ಜಗಳವಾಡಿದೆ. ಆಗ ರೈಲುಗಳು ಓಡುತ್ತಿದ್ದದ್ದು ಮದ್ರಾಸಿನ ಸ್ಥಳೀಯ ಸಮಯವಾದ ಮದ್ರಾಸ್ ಟೈಮ್‌ನಲ್ಲಿ, ಅದು ಮುಂಬಯಿಯ ಸ್ಥಳೀಯ ಸಮಯವಾದ ಬಾಂಬೆ ಟೈಮ್‌ಗಿಂತ ಸುಮಾರು ಅರ್ಧ ಗಂಟೆ ಮುಂದೆ. ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ಮದ್ರಾಸ್ ಟೈಮ್ ತೋರಿಸದಿದ್ದರೆ ಗಡಿಯಾರದ ದೀಪದ ಖರ್ಚು ಕೊಡುವುದಿಲ್ಲ ಎಂದು 1883ರಲ್ಲಿ ಸರ್ಕಾರ ಹಟ ಹಿಡಿಯಿತು. ವಿಶ್ವವಿದ್ಯಾಲಯದ ಆಡಳಿತ ಸಭೆಯಾದ ಸೆನೆಟ್ ಮತಕ್ಕೆ ಹಾಕಿ ಬಾಂಬೆ ಟೈಮನ್ನೇ ಆರಿಸಿಕೊಂಡಿತು. ಆ ಸೆನೆಟ್ ಸದಸ್ಯರ ಬಗ್ಗೆ ನನಗೆ ತುಂಬು ಗೌರವ.

1906ರ ಜನವರಿ 1ರಂದು ಬಂದ ಭಾರತೀಯ ಕಾಲಮಾನ ಇನ್ನೂ ಮುಂದಿತ್ತು, ಬಾಂಬೆ ಟೈಮ್‌ಗಿಂತ 39 ನಿಮಿಷ. ಗಿರಣಿ ಕಾರ್ಮಿಕರಿಗೆ ಇದು ಗಣಿತದ ಮಾತಾಗಿರಲಿಲ್ಲ. ಬೆಳಗಿನ ಕತ್ತಲಲ್ಲಿ ಅಷ್ಟು ಬೇಗ ಎದ್ದು ಹೊರಡಬೇಕಿತ್ತು. ಅವರು ಬೀದಿಗಿಳಿದರು. ಅದೇ ವರ್ಷ ಪಾಲಿಕೆ ತನ್ನ ಗಡಿಯಾರಗಳನ್ನು ಬಾಂಬೆ ಟೈಮ್‌ನಲ್ಲೇ ನಡೆಸಲು ತೀರ್ಮಾನಿಸಿತು. ಸ್ವಾತಂತ್ರ್ಯ ಬಂದ ಮೇಲೂ, 1950ರ ದಶಕದವರೆಗೆ, ಆ ಸಮಯ ನಗರದಲ್ಲಿ ಉಸಿರಾಡಿಕೊಂಡಿತ್ತು.

ಈಗ ಎಲ್ಲ ಗೋಪುರಗಳಿಗೂ ಒಂದೇ ಸಮಯ. ಸೂರ್ಯ ಮಾತ್ರ ಮುಂಬಯಿಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 39 ನಿಮಿಷಕ್ಕೆ.