ಅಪ್ಪನ ರೈಲುಗಳನ್ನು ತೊಳೆಯಬೇಡಿ

ಹೋದ ವರ್ಷ ಮಳೆ ಹಿಡಿಯುವ ಮೊದಲು ಮುಂಬೈ ಹತ್ತಿರದ ಡೊಂಬಿವಿಲಿಯಿಂದ ಒಂದು ಫೋನ್ ಬಂತು. "ಅಣ್ಣಾ, ಅಪ್ಪನ ಆಟದ ರೈಲುಗಳಿವೆ. ಮೂರು ಟ್ರಂಕ್ ತುಂಬ. ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗ್ತಿದೆ, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ಎಲ್ಲ ತೊಳೆದು ಇಟ್ಟಿರ್ತೇನೆ, ಬಂದು ನೋಡ್ತೀರಾ?"

"ತೊಳೀಬೇಡಿ ಅಕ್ಕಾ" ಎಂದೆ. ತಡವಾಗಿತ್ತು. ನಾನು ಹೋಗುವಷ್ಟರಲ್ಲಿ ಒಂದು ಟ್ರಂಕಿನ ವ್ಯಾಗನ್‌ಗಳು ಪಾತ್ರೆ ತೊಳೆಯುವ ಸೋಪಿನಲ್ಲಿ ಮಿಂದು ಬಾಲ್ಕನಿಯಲ್ಲಿ ಒಣಗುತ್ತಿದ್ದವು. ಕೆಲವುಗಳ ಪಕ್ಕದ ಅಕ್ಷರ ಎದ್ದುಹೋಗಿತ್ತು. ತಗಡಿನ ಮಡಿಕೆಗಳಲ್ಲಿ ನೀರು ನಿಂತಿತ್ತು. ಅವು ಬರುತ್ತಿದ್ದ ರಟ್ಟಿನ ಪೆಟ್ಟಿಗೆಗಳನ್ನು ರದ್ದಿಯವನಿಗೆ ಕೊಡಲು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದರು. ನಾನು ಮೊದಲು ಕೂತಿದ್ದು ಆ ಚೀಲದ ಮುಂದೆ.

ಮುಂಬೈನ ಮಾಟುಂಗಾದಲ್ಲಿ ನನ್ನದು ಮೊದಲು ಗಡಿಯಾರ ರಿಪೇರಿ ಕೆಲಸ. ಕೀಲಿ ಕೊಟ್ಟು ಓಡಿಸುವ ರೈಲಿನಲ್ಲೂ ಸ್ಪ್ರಿಂಗ್, ಹಲ್ಲುಚಕ್ರ ಇರುತ್ತವೆ. ಹಾಗೆ ಒಂದೊಂದೇ ನನ್ನ ಮೇಜಿಗೆ ಬಂದವು. ಈಗ ಮುಖ್ಯವಾಗಿ ಹಳೆ ಆಟಿಕೆ ರೈಲುಗಳಿಗೆ ಬೆಲೆ ಕಟ್ಟುತ್ತೇನೆ. ಇಷ್ಟು ವರ್ಷಗಳಲ್ಲಿ ನಾನು ಕಂಡ ನಷ್ಟಗಳಲ್ಲಿ ಹೆಚ್ಚಿನವು ಆಗಿದ್ದು ಮನೆಯಲ್ಲೇ. ಅದೂ ರೈಲು ಸಿಕ್ಕ ಮೊದಲ ವಾರದಲ್ಲಿ, ಒಳ್ಳೆ ಮನಸ್ಸಿನವರ ಕೈಯಲ್ಲಿ.

ಕಾರಣ ಇಷ್ಟೇ. ಈ ರೈಲುಗಳನ್ನು ಕೊಳ್ಳುವವರು ಹೊಳಪಿಗೆ ದುಡ್ಡು ಕೊಡುವುದಿಲ್ಲ. ಕಾರ್ಖಾನೆಯಿಂದ ಬಂದ ಬಣ್ಣ, ಅಕ್ಷರ, ಪೆಟ್ಟಿಗೆ, ಅದರೊಳಗಿನ ಚೀಟಿ, ಕೀಲಿ ಹಾಗೇ ಉಳಿದಿವೆಯಾ ಎಂದು ನೋಡುತ್ತಾರೆ. ಒಂದೇ ಇಂಜಿನ್, ಒಂದೇ ಸ್ಥಿತಿ, ಒಂದಕ್ಕೆ ಪೆಟ್ಟಿಗೆ ಇದೆ, ಇನ್ನೊಂದಕ್ಕೆ ಇಲ್ಲ ಎಂದುಕೊಳ್ಳಿ. ಬೆಲೆ ಎಷ್ಟೋ ಸಲ ಅರ್ಧಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ. ಪೆಟ್ಟಿಗೆ ಹರಿದಿದ್ದರೂ ಪರವಾಗಿಲ್ಲ. ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ರಟ್ಟಿಗೆ ಇಳಿದು ಕಂದು ಕಲೆಯಾಗುತ್ತದೆ. ಮಡಿಸಿ ಚಪ್ಪಟೆ ಮಾಡಲೂಬೇಡಿ. ದೂಳು ಕಂಡರೆ ಒಣಗಿದ ಮೆದು ಬ್ರಷ್‌ನಿಂದ ಹಗುರಕ್ಕೆ ತಟ್ಟಿ, ಅಷ್ಟೇ. ನುಸಿಗುಳಿಗೆ ಬೇಡ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬಬಲ್ ಪ್ಲಾಸ್ಟಿಕ್ಕನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿ ಮುಂಬೈನ ಸೆಕೆಯಲ್ಲಿ ಬಿಟ್ಟರೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಉಳಿಯುತ್ತದೆ. ಬಿಳಿ ಟಿಶ್ಯೂ ಕಾಗದ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅಟ್ಟದಿಂದ ಇಳಿಸಿ ಕೋಣೆಯ ಕಪಾಟಿನಲ್ಲಿಡಿ.

ಮತ್ತೊಂದು ಮಾತು. ಓಡುತ್ತದಾ ಎಂದು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಹಳೆ ಟ್ರಾನ್ಸ್‌ಫಾರ್ಮರ್ ಪ್ಲಗ್‌ಗೆ ಹಾಕಬೇಡಿ. ಐವತ್ತು ವರ್ಷದ ವೈರಿನ ರಬ್ಬರ್ ಮುಟ್ಟಿದರೆ ಉದುರುತ್ತದೆ, ಶಾಕ್ ಹೊಡೆಯುತ್ತದೆ. ಕೀಲಿ ರೈಲಿಗೂ ಪೂರ್ತಿ ಕೀಲಿ ಕೊಡಬೇಡಿ. ಗಡ್ಡೆಕಟ್ಟಿದ ಗ್ರೀಸಿನಲ್ಲಿ ಸಿಕ್ಕಿಬಿದ್ದ ಸ್ಪ್ರಿಂಗ್ ಒಮ್ಮೆಲೆ ತುಂಡಾದರೆ ಚಕ್ರದ ಹಲ್ಲು ಮುರಿಯುತ್ತದೆ. "ಓಡಿಸಿ ನೋಡಿಲ್ಲ" ಎಂದು ಬರೆದು ಮಾರುವುದರಲ್ಲಿ ಏನೂ ಅವಮಾನವಿಲ್ಲ.

ಇನ್ನು ಇದು ಯಾವ ರೈಲು ಎಂದು ತಿಳಿಯುವ ಕೆಲಸ. ಮಕ್ಕಳ ಸ್ಕೇಲ್ ತೆಗೆದುಕೊಂಡು ಹಳಿಯ ಎರಡು ಹೊರಕಂಬಿಗಳ ನಡುವಿನ ಅಂತರ ಅಳೆಯಿರಿ. ಇದಕ್ಕೇ ಗೇಜ್ ಎನ್ನುತ್ತಾರೆ. 32 ಮಿಲಿಮೀಟರ್ ಬಂದರೆ ಓ ಗೇಜ್. 16.5 ಬಂದರೆ ಹೆಚ್ಓ ಅಥವಾ ಓಓ. 9 ಬಂದರೆ ಎನ್. ಹೆಚ್ಓ ಎಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಇಂಗ್ಲೆಂಡಿನವರ ಓಓ 76ನೇ ಒಂದು ಭಾಗ, ಹಳಿಯ ಅಗಲ ಮಾತ್ರ ಎರಡಕ್ಕೂ ಒಂದೇ. ಈ ಅಳತೆಯ ರೈಲು ಕಣ್ಣಿಗೆ ಹೇಗಿರುತ್ತದೆ ಎಂದು ಗೊತ್ತಾಗಬೇಕಿದ್ದರೆ ಪುಣೆಯ ಕೋಥ್ರೂಡ್‌ನಲ್ಲಿ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. 1998ರಿಂದ ನಡೆಯುತ್ತಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ನಮ್ಮ ಕಡೆಯ ಟ್ರಂಕ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಹೆಸರು: ಹಾರ್ನ್‌ಬಿ, ಮೆರ್ಕ್ಲಿನ್. ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ ಮೆಕ್ಯಾನೊ ಎಂಬ ಜೋಡಿಸುವ ಆಟಿಕೆ ಮಾಡಿದವರು. 1920ರಲ್ಲಿ ಅವರ ಕಂಪನಿ ಓ ಗೇಜಿನ ಕೀಲಿ ರೈಲುಗಳನ್ನು ತಂದಿತು. 1938ರಲ್ಲಿ ಸಣ್ಣ ಅಳತೆಯ ಹಾರ್ನ್‌ಬಿ ಡಬ್ಲೋ ಬಂತು. ಅದಕ್ಕೆ ನಡುವೆ ಒಂದು ಸೇರಿ ಮೂರು ಕಂಬಿ. 1959ರಲ್ಲಿ ಎರಡು ಕಂಬಿಯದನ್ನೂ ಶುರು ಮಾಡಿದರು. 1964ರಲ್ಲಿ ಕಂಪನಿ ಟ್ರೈಯಾಂಗ್ ಎಂಬ ಇನ್ನೊಂದು ಆಟಿಕೆ ಕಂಪನಿಯವರ ಕೈಗೆ ಹೋಯಿತು. ಡಬ್ಲೋ ಕಥೆ ಅಲ್ಲಿಗೆ ಹೆಚ್ಚು ಕಡಿಮೆ ಮುಗಿಯಿತು. ಮೆರ್ಕ್ಲಿನ್ ಜರ್ಮನಿಯ ಗೋಪಿಂಗನ್ ಊರಿನದು, 1859ರ ಕಂಪನಿ, ಇಂದಿಗೂ ಇದೆ.

ಮೂರು ಕಂಬಿ ಕಂಡ ಕೂಡಲೇ ಎಲ್ಲ ಒಂದೇ ಎಂದುಕೊಂಡು ರೈಲು ಸುಟ್ಟವರಿದ್ದಾರೆ. ಮೆರ್ಕ್ಲಿನ್ ಓಡುವುದು ಎಸಿ ಕರೆಂಟಿನಲ್ಲಿ. ಡಬ್ಲೋ ಮೂರು ಕಂಬಿಯದಾದರೂ 12 ವೋಲ್ಟ್ ಡಿಸಿ. ಮೆರ್ಕ್ಲಿನ್ ಟ್ರಾನ್ಸ್‌ಫಾರ್ಮರಿಗೆ ಡಬ್ಲೋ ಇಂಜಿನ್ ಸಿಕ್ಕಿಸಿದರೆ ಅದು ಗುಂಯ್ ಎಂದು ನಡುಗಿ ಬಿಸಿಯಾಗುತ್ತದೆ, ಬಿಟ್ಟರೆ ಮೋಟಾರ್ ಹಾಳು.

ಯಾವುದು ಅಪರೂಪ ಎನ್ನುವುದು ವಯಸ್ಸಿನ ಲೆಕ್ಕವಲ್ಲ. ಇದನ್ನು ಒಪ್ಪಿಸುವುದೇ ನನಗೆ ಕಷ್ಟ. ಡಬ್ಲೋದ ಇ.ಡಿ.ಎಲ್. 17 ಎಂಬ ಪುಟ್ಟ ಟ್ಯಾಂಕ್ ಇಂಜಿನ್ (ನೀರಿನ ತೊಟ್ಟಿಯನ್ನು ಮೈಮೇಲೇ ಹೊತ್ತ ಇಂಜಿನ್) ಹಳೆಯದೇ, ಮುದ್ದಾಗಿಯೂ ಇದೆ. ಆದರೆ ಅದನ್ನು ತುಂಬಾ ಮಾಡಿದರು, ತುಂಬಾ ಉಳಿದಿವೆ. ಅದೇ ಕಂಪನಿಯ ಕೊನೆ ವರ್ಷಗಳ ಮೂರು ಕಂಬಿ ಇಂಜಿನ್‌ಗಳು ವಯಸ್ಸಿನಲ್ಲಿ ಚಿಕ್ಕವು. ಆ ಹೊತ್ತಿಗೆ ಹುಡುಗರೆಲ್ಲ ಎರಡು ಕಂಬಿಗೆ ಹೋಗಿದ್ದರು, ಮೂರು ಕಂಬಿಯವು ಕಡಿಮೆ ಮಾರಾಟವಾದವು. ಹಾಗಾಗಿ ಇಂದು ಅವಕ್ಕೇ ಬೆಲೆ ಜಾಸ್ತಿ. ಗುರುತು ಹಿಡಿಯುವುದು ಸುಲಭ. ಪೆಟ್ಟಿಗೆಯ ಮೇಲಿನ ನಾಲ್ಕು ಅಂಕಿ ನೋಡಿ. 2226 ಎಂದಿದ್ದರೆ ಎರಡು ಕಂಬಿಯ ಸಿಟಿ ಆಫ್ ಲಂಡನ್ ಎಂಬ ಇಂಜಿನ್. 3226 ಎಂದಿದ್ದರೆ ಮೂರು ಕಂಬಿಯ ಸಿಟಿ ಆಫ್ ಲಿವರ್‌ಪೂಲ್. ಮೊದಲ ಅಂಕಿಯೇ ಕಂಬಿ ಎಷ್ಟು ಎಂದು ಹೇಳುತ್ತದೆ. ಪೆಟ್ಟಿಗೆ ಎಸೆಯಬೇಡಿ ಎಂದು ನಾನು ಮೊದಲಿನಿಂದ ಗೋಳಾಡುತ್ತಿರುವುದು ಇದಕ್ಕೂ ಸೇರಿ.

ಡೊಂಬಿವಿಲಿಯ ಮನೆಗೆ ಬರೋಣ. ಅವರ ಅಪ್ಪ ಕುಂದಾಪುರದವರು, ಹಡಗಿನಲ್ಲಿ ಇಂಜಿನಿಯರ್. ಹ್ಯಾಂಬರ್ಗ್ ಬಂದರಿಗೆ ಹೋದಾಗಲೆಲ್ಲ ಒಂದೊಂದು ರೈಲು ತಂದಿದ್ದರು. ಎರಡನೇ ಟ್ರಂಕಿನಲ್ಲಿ ಹಳೆ ಪಂಚೆಯಲ್ಲಿ ಸುತ್ತಿದ ಉದ್ದನೆಯ ಹಸಿರು ಇಂಜಿನ್ ಇತ್ತು. ಎರಡೂ ತುದಿಗೆ ಮೂತಿ, ನಡುವೆ ಚಾಲಕನ ಕೋಣೆ. "ಇದು ಕಲ್ಯಾಣದ ಖೇಕಡಾ ಅಂತ ಅಪ್ಪ ಹೇಳ್ತಿದ್ದರು" ಎಂದರು ಆಕೆ. ನನಗೆ ಖುಷಿಯಾಯಿತು. ಮುಂಬೈ–ಪುಣೆ ಘಾಟಿನಲ್ಲಿ ಗೂಡ್ಸ್ ಎಳೆಯುತ್ತಿದ್ದ ಡಬ್ಲ್ಯೂಸಿಜಿ-1 ಇಂಜಿನ್ನಿಗೆ ಇಲ್ಲಿನ ರೈಲ್ವೆಯವರು ಇಟ್ಟ ಹೆಸರು ಅದು. ಖೇಕಡಾ ಅಂದರೆ ಏಡಿ. ಅದರ ರೂಪ ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲಿನ, ಮೊಸಳೆ ಎಂದು ಕರೆಯುವ ಇಂಜಿನ್ನಿನದು. ಮೆರ್ಕ್ಲಿನ್‌ನವರು 1947ರಲ್ಲಿ ಸಿಸಿಎಸ್ 800 ಎಂದು ಹೊರತಂದದ್ದು ಅದೇ ಸ್ವಿಸ್ ಮೊಸಳೆ. ಮುಂದೆ ಅದಕ್ಕೆ 3015 ಎಂದು ನಂಬರ್ ಕೊಟ್ಟರು. ಆಕೆಯ ಅಪ್ಪ ತಂದದ್ದು 3015. ರದ್ದಿ ಚೀಲದ ತಳದಲ್ಲಿ ಅದರ ಪೆಟ್ಟಿಗೆ ಸಿಕ್ಕಿತು, ಒಂದು ಕಿವಿ ಹರಿದಿತ್ತು ಅಷ್ಟೇ.

ಅದೇ ಟ್ರಂಕಿನಲ್ಲಿ ದುಃಖದ ವಸ್ತುವೂ ಇತ್ತು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಾರ್ನ್‌ಬಿ ಇಂಜಿನ್ ಒಂದು, ಆಕೆಯ ಅಜ್ಜನದು. ನೋಡಲು ಚೆನ್ನಾಗಿತ್ತು. ಕೈಗೆತ್ತಿಕೊಂಡರೆ ಚಕ್ರ ಒಣ ರೊಟ್ಟಿಯ ಹಾಗೆ ಬಿರುಕು ಬಿಟ್ಟು ಪುಡಿ ಉದುರಿತು. ಇದಕ್ಕೆ ಜಿಂಕ್ ಪೆಸ್ಟ್ ಎನ್ನುತ್ತಾರೆ. ಅಚ್ಚು ಹೊಯ್ಯುವಾಗ ಸತುವಿನ ಮಿಶ್ರಲೋಹಕ್ಕೆ ಸೀಸದ ಕಲ್ಮಶ ಸೇರಿದ್ದರೆ ಲೋಹ ಒಳಗೊಳಗೇ ಊದಿ ಒಡೆಯುತ್ತದೆ. ತೇವದ ಹವೆ ಇದ್ದರೆ ಬೇಗ. ಔಷಧಿ ಇಲ್ಲ. ಆದರೆ ಇದು ಅಂಟುರೋಗವಲ್ಲ. ಪಕ್ಕದ ರೈಲಿಗೆ ಹರಡುತ್ತದೆ ಎಂದು ಹೆದರಿ ಇಡೀ ಪೆಟ್ಟಿಗೆಯನ್ನೇ ಮಾರಿದವರನ್ನು ನೋಡಿದ್ದೇನೆ. ಅದು ಬೇಕಿರಲಿಲ್ಲ. ಒಡೆದದ್ದನ್ನೂ ಎಸೆಯಬೇಡಿ, ತಗಡಿನ ಮೈ, ಕೀಲಿ, ಸ್ಪ್ರಿಂಗ್ ಬಿಡಿಭಾಗವಾಗಿ ಯಾರಿಗೋ ಬೇಕಾಗುತ್ತದೆ. ಮಾರುವಾಗ ಮಾತ್ರ ಬಿರುಕಿನ ಫೋಟೊ ತೆಗೆದು ತೋರಿಸಿ.

ಮೂರನೇ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಇತ್ತು. ಯಾವ ರೈಲು, ಯಾವ ಬಂದರು, ಎಷ್ಟು ಮಾರ್ಕ್, ಯಾವ ತಾರೀಕು, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಒಟ್ಟು 41 ಸಾಲು. ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಭರವಸೆ ಇಲ್ಲ. ನಿಮ್ಮ ಮನೆಯಲ್ಲೂ ಹಳೆ ಬಿಲ್ಲು, ಕ್ಯಾಟಲಾಗು, ಹುಡುಗ ರೈಲಿನ ಮುಂದೆ ಕೂತ ಫೋಟೊ ಇದ್ದರೆ ರೈಲಿನ ಜೊತೆಗೇ ಇಡಿ. ನೀವೂ ಒಂದು ಪಟ್ಟಿ ಮಾಡಿ. ನಂಬರ್, ಬಣ್ಣ, ಪೆಟ್ಟಿಗೆ ಇದೆಯಾ, ಏನು ಮುರಿದಿದೆ. ಪ್ರತಿಯೊಂದಕ್ಕೂ ಎರಡು ಪಕ್ಕ, ತಳ, ಪೆಟ್ಟಿಗೆಯ ತುದಿಯ ಫೋಟೊ. ಬೇಸರದ ಕೆಲಸ ನಿಜ. ಆದರೆ ಇದು ಕೈಯಲ್ಲಿದ್ದರೆ ಯಾರೂ ನಿಮ್ಮನ್ನು ಸುಲಭವಾಗಿ ಯಾಮಾರಿಸಲಾರರು.

ಬೆಲೆ ನೋಡುವಾಗ ಇಂಟರ್ನೆಟ್ಟಿನಲ್ಲಿ ಜನ ಕೇಳುತ್ತಿರುವ ಬೆಲೆ ನೋಡಬೇಡಿ. ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ ಅಲ್ವಾ? ಇಬೇಯಂಥ ಕಡೆ ಮಾರಾಟವಾಗಿ ಮುಗಿದ ವಸ್ತುಗಳನ್ನು ಮಾತ್ರ ತೋರಿಸು ಎನ್ನುವ ಆಯ್ಕೆ ಇದೆ. ನಿಮ್ಮದೇ ನಂಬರ್, ನಿಮ್ಮದೇ ಸ್ಥಿತಿಯ ಐದಾರು ಮಾರಾಟ ನೋಡಿ, ತೀರಾ ಮೇಲಿನದ್ದು, ತೀರಾ ಕೆಳಗಿನದ್ದು ಬಿಡಿ. ಸ್ಥಿತಿ ಹೇಳುವಾಗ ಕೈ ಬಿಗಿ ಹಿಡಿಯಿರಿ. ಅಮೆರಿಕದ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್‌ನವರ 10ರ ಅಳತೆಯಲ್ಲಿ 10 ಎಂದರೆ ಒಂದು ಗೀರೂ ಇಲ್ಲದ ಹೊಸದು. ಆಡಿದ ರೈಲು ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನೊಂದು ಕಹಿ ಸತ್ಯ ಹೇಳಲೇಬೇಕು. ಮಾಮೂಲಿ ಡಬ್ಲೋ ಇಂಜಿನ್‌ಗಳ ಬೆಲೆ ಮೊದಲಿನಷ್ಟಿಲ್ಲ. ಅವುಗಳೊಂದಿಗೆ ಆಡಿ ಬೆಳೆದ ತಲೆಮಾರಿಗೆ ವಯಸ್ಸಾಯಿತು. ಅವರ ಸಂಗ್ರಹಗಳೂ ಈಗ ಮಾರುಕಟ್ಟೆಗೆ ಬರುತ್ತಿವೆ. ಇನ್ನೂ ಏರಲಿ ಎಂದು ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಎಲ್ಲಿ ಮಾರುವುದು? ಚೋರ್ ಬಜಾರಿನ ಮಟನ್ ಸ್ಟ್ರೀಟ್, ಪುಣೆಯ ಜೂನಾ ಬಜಾರ್ ಎಲ್ಲರಿಗೂ ಗೊತ್ತು. ಅಲ್ಲಿ ಕೈಗೆ ಕೂಡಲೇ ನಗದು ಸಿಗುತ್ತದೆ. ವ್ಯಾಪಾರಿ ಅದನ್ನು ಮತ್ತೆ ಮಾರಿ ಬದುಕಬೇಕು, ಹಾಗಾಗಿ ಕಡಿಮೆ ಕೊಡುತ್ತಾನೆ. ಅದು ಮೋಸವಲ್ಲ, ಅವನ ಕಸುಬು. ಆದರೆ ಬಂದವನಿಗೆ ಒಳ್ಳೆಯ ನಾಲ್ಕನ್ನು ಆರಿಸಿಕೊಳ್ಳಲು ಬಿಡಬೇಡಿ. ಕೆನೆ ಎತ್ತಿಕೊಂಡು ಹೋದಮೇಲೆ ಉಳಿದ ನೀರುಹಾಲನ್ನು ಯಾರು ಕೊಳ್ಳುತ್ತಾರೆ? ನಾನು ಹೇಳುವ ದಾರಿ ಇದು: ಬೆಲೆಬಾಳುವ ಐದಾರನ್ನು ನೀವೇ ಬೇರೆ ಮಾಡಿ ಒಂದೊಂದಾಗಿ ಸಂಗ್ರಹಕಾರರಿಗೆ ಅಥವಾ ಹರಾಜಿಗೆ ಕೊಡಿ. ಉಳಿದದ್ದು ಹಳಿ, ವ್ಯಾಗನ್, ಸ್ಟೇಷನ್ ಎಲ್ಲ ಸೇರಿಸಿ ಒಂದೇ ಗಂಟು. ಹೊರದೇಶದ ಹರಾಜು ಮನೆಯಾದರೆ ಕಮಿಷನ್, ಫೋಟೊ ಖರ್ಚು, ವಿಮೆ, ಸಾಗಣೆ ಎಲ್ಲ ಕಳೆದು ಕೈಗೆಷ್ಟು ಬರುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ.

ಕಾನೂನಿನ ಎರಡು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ಗಮನಿಸುತ್ತದೆ, ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. 1920ರ ದಶಕದ ಆರಂಭದ ತಗಡಿನ ರೈಲುಗಳು ಆ ವಯಸ್ಸಿಗೆ ಬಂದಾಯಿತು. ಅಂಥದ್ದನ್ನು ಕಳಿಸುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಕೇಳಿ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಎರಡನೆಯದು ಮನೆಯೊಳಗಿನದು. ಉಯಿಲು ಇಲ್ಲದೆ ಹಿಂದೂ ತಂದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ಪಾಲಿದೆ. ರೈಲೂ ಆಸ್ತಿಯೇ. ಪಟ್ಟಿಯನ್ನು ಎಲ್ಲರಿಗೂ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಆಟಿಕೆಗಾಗಿ ಅಣ್ಣ ತಂಗಿ ಮಾತು ಬಿಟ್ಟ ಮನೆಗೆ ನಾನು ಹೋಗಿದ್ದೇನೆ, ಮತ್ತೆ ಅಂಥದ್ದು ನೋಡಲು ಮನಸ್ಸಿಲ್ಲ.

ಬೆಲೆ ಕಟ್ಟುವವನ ಬಗ್ಗೆಯೂ ಹೇಳುತ್ತೇನೆ, ನನ್ನನ್ನೂ ಸೇರಿಸಿ. ಬೆಲೆ ಹೇಳಿದವನೇ "ನನಗೇ ಕೊಡಿ" ಎಂದರೆ ಬಾಗಿಲು ತೋರಿಸಿ. ಶೇಕಡಾವಾರು ಫೀಸು ಕೇಳುವವನೂ ಬೇಡ. ದಿನಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ. ವಿಮೆಗೆ ಬರೆದುಕೊಡುವ ಬೆಲೆಯೂ ಮಾರಿದರೆ ಸಿಗುವ ಬೆಲೆಯೂ ಒಂದೇ ಅಲ್ಲ. ಯಾವುದು ಬೇಕು ಎಂದು ಅವನು ನಿಮ್ಮನ್ನು ಕೇಳಬೇಕು.

ಡೊಂಬಿವಿಲಿಯ ಮನೆ ಹೇಳಿದ ದಿನಕ್ಕೆ ಖಾಲಿಯಾಯಿತು. ಮೊಸಳೆ ಇಂಜಿನ್ ತನ್ನ ಪೆಟ್ಟಿಗೆಯೊಡನೆ ಪುಣೆಯ ಒಬ್ಬ ಸಂಗ್ರಹಕಾರರ ಮನೆ ಸೇರಿತು. ಮಿಂದ ವ್ಯಾಗನ್‌ಗಳು ಗಂಟಿನಲ್ಲಿ ಹೋದವು. ಬೆಂಗಳೂರಿನಲ್ಲಿರುವ ಆಕೆಯ ತಮ್ಮ ಕರಿ ಟ್ಯಾಂಕ್ ಇಂಜಿನ್ ಒಂದನ್ನು ಇಟ್ಟುಕೊಂಡರು. ನೋಟ್‌ಬುಕ್ಕಿನ 41 ಸಾಲಿನಲ್ಲಿ ನಮಗೆ ಸಿಕ್ಕಿದ್ದು 39. ಉಳಿದೆರಡು ಕುಂದಾಪುರದ ಹಳೆ ಮನೆಯ ಅಟ್ಟದಲ್ಲಿರಬಹುದು ಎಂದು ಆಕೆಗೆ ಅನಿಸಿದೆ. ಮೇ ತಿಂಗಳಲ್ಲಿ ಊರಿಗೆ ಹೋಗುತ್ತಾರೆ. ಸಿಕ್ಕರೆ ಮುಟ್ಟುವ ಮೊದಲು ಫೋಟೊ ಕಳಿಸುತ್ತೇನೆ ಎಂದಿದ್ದಾರೆ.